ಮಿತಿ ಮೀರಿದ ಕೈಮಾತು

ನನ್ನ ತಂಗಿ ಗಂಗೋತ್ರಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಅವಳ ಗಂಡ ತಿಪ್ಪೇಶನೂ ಹಾಗೆಯೇ. ಯಾರಾದರೂ "ಅಯ್ಯೋ ಪಾಪ" ಎಂದು ಲೊಚಗುಟ್ಟಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಬ್ಬರು ಎದುರುಬದುರು ಕುಳಿತು ಆಡುವಷ್ಟು ಮಾತನ್ನು ಈ ಸಂಡೂರು ಸೀಮೆಯಲ್ಲಿ ಬಾಯಿರುವ ಯಾವ ಗಂಡ ಹೆಂಡತಿಯೂ ಆಡುವುದಿಲ್ಲ. ಜಗಳವಾದರಂತೂ ಕೈ ಬೀಸುವ ಗಾಳಿಗೆ ದೀಪ ಆರಬೇಕು.

ಆ ಕೈಮಾತನ್ನು ಯಾವ ಶಾಲೆಯೂ ಕಲಿಸಿದ್ದಲ್ಲ. ಚೋರನೂರಿನ ನಮ್ಮ ಮನೆಯಲ್ಲಿ ಅವ್ವ, ನಾನು, ಗಂಗೋತ್ರಿ ಕೂಡಿ ಕಟ್ಟಿಕೊಂಡದ್ದು. ರೊಟ್ಟಿ ಬಡಿದಂತೆ ಮಾಡಿದರೆ ಬೆಳಗಿನ ಹೊತ್ತು. ಮೂಗುತಿಯ ಜಾಗ ಮುಟ್ಟಿದರೆ ಅವ್ವ. ಮೂಗು ಹಿಂಡಿದರೆ ನಾನು, ಜಂಬಕ್ಕ. ಚಿಕ್ಕಂದಿನಲ್ಲಿ ನನ್ನ ಮೂಗು ಸದಾ ಸೋರುತ್ತಿತ್ತಂತೆ, ಆ ಹೆಸರು ಇನ್ನೂ ಬಿಟ್ಟಿಲ್ಲ. ಮದುವೆಯಾದ ಮೇಲೆ ತಿಪ್ಪೇಶ ಇದನ್ನೆಲ್ಲ ಕಲಿತ. ಅವ್ವ ತೀರಿಕೊಂಡ ಮೇಲೆ ಈ ಭಾಷೆ ತಿಳಿದವರು ನಾವು ಮೂವರೇ.

ತಿಪ್ಪೇಶನಿಗೆ ಮರಿಯಮ್ಮನಹಳ್ಳಿಯಲ್ಲಿ ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ವೆಲ್ಡಿಂಗ್ ಕೆಲಸ. ಗಂಗೋತ್ರಿ ಹೊಸಪೇಟೆಯ ಬಾಡಿಗೆ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ನಾನು ದೋಣಿಮಲೈಯಲ್ಲಿ ಗಣಿಯ ಕೂಲಿಯವರಿಗೆ ಅಡುಗೆ ಮಾಡಿಹಾಕುವ ಸಣ್ಣ ಖಾನಾವಳಿ ಇಟ್ಟಿದ್ದೇನೆ. ಮೂರು ಕಡೆ ಮೂವರು. ಫೋನು ಎಷ್ಟು ಬಡಿದುಕೊಂಡರೂ ಅವರಿಬ್ಬರಿಗೆ ಕೇಳದು, ಬರೆದು ಕಳಿಸೋಣವೆಂದರೆ ಇಬ್ಬರಿಗೂ ಓದು ಬರಹ ಬಾರದು. ಹಾಗಾಗಿ ಅವರು ಫೋನು ಮಾಡುವುದೇ ಇಲ್ಲ, ತೆರೆದಿಡುತ್ತಾರೆ. ಬೆಳಿಗ್ಗೆ ಅವನು ಗ್ಯಾರೇಜಿಗೆ ಹೋದೊಡನೆ ವಿಡಿಯೋ ಹಚ್ಚಿ ಕಂಬಕ್ಕೆ ನೇತುಹಾಕುತ್ತಾನೆ, ಅವಳು ಹೊಲಿಗೆ ಯಂತ್ರದ ಮೇಲೆ ನಿಲ್ಲಿಸಿಕೊಳ್ಳುತ್ತಾಳೆ, ನಾನು ಮಸಾಲೆ ಡಬ್ಬಿಗಳ ನಡುವೆ. ಸಂಜೆತನಕ ಮುಚ್ಚುವ ಮಾತಿಲ್ಲ. ಒಂದೇ ಮನೆಯ ಮೂರು ಕೋಣೆಗಳಲ್ಲಿ ಇದ್ದಂತೆ ನಮ್ಮ ದಿನ ಹೋಗುತ್ತಿತ್ತು.

ಇದಕ್ಕೆಂದೇ ನನ್ನ ಹೆಸರಿನಲ್ಲಿ ಅವಳಿಗೆ ಅನ್‌ಲಿಮಿಟೆಡ್ ಸಿಮ್ ಕೊಡಿಸಿದ್ದೆ. ಅಂಗಡಿಯ ಸಿದ್ದಲಿಂಗೇಶ ಎದೆ ತಟ್ಟಿ, "ಅಕ್ಕಾ, ಹಗಲೂರಾತ್ರಿ ಹಚ್ಚಿಟ್ರೂ ಮುಗಿಯಂಗಿಲ್ಲ, ಸಮುದ್ರ ಇದ್ದಂಗ" ಅಂದಿದ್ದ. ಅವನ ಅಂಗಡಿಯ ಬೋರ್ಡಿನಲ್ಲಿ 'ಅನ್‌ಲಿಮಿಟೆಡ್' ಪದದ ತಲೆಯ ಮೇಲೆ ಸಣ್ಣದೊಂದು ನಕ್ಷತ್ರವಿತ್ತು. ಚಂದಕ್ಕೆ ಬರೆದಿದ್ದಾರೆ ಎಂದುಕೊಂಡಿದ್ದೆ.

ಗಂಗೋತ್ರಿ ಬಸುರಿ, ದಿನ ತುಂಬಿತ್ತು. ಮುಂದಿನ ವಾರ ಖಾನಾವಳಿ ಮುಚ್ಚಿ ಅವಳ ಬಳಿ ಹೋಗುವವಳಿದ್ದೆ. ಆ ದಿನ ಮಧ್ಯಾಹ್ನದ ಅನ್ನ ಬಸಿಯುವಾಗ ಡಬ್ಬಿಗಳ ನಡುವಿನ ಫೋನಿನಲ್ಲಿ ಅವಳು ಎದ್ದು ನಿಂತು ಕೈಯೆತ್ತಿದಳು. ಬೆರಳುಗಳು ಚೌಕಚೌಕವಾಗಿ ಒಡೆದವು. ಆಮೇಲೆ ಚಿತ್ರ ಅಲ್ಲೇ ನಿಂತುಬಿಟ್ಟಿತು. ಹಿಂದಿನ ದಿನದಿಂದಲೂ ಹೀಗೇ ಒಡೆದು ಕೂಡಿಕೊಳ್ಳುತ್ತಿತ್ತು, ಟವರಿನ ತೊಂದರೆ ಇರಬೇಕು ಎಂದು ಸುಮ್ಮನಿದ್ದೆವು.

ಸ್ವಲ್ಪ ಹೊತ್ತಿಗೆ ಅವಳ ಪಕ್ಕದ ಮನೆಯ ಉಚ್ಚಂಗೆಮ್ಮ ತನ್ನ ಬಟನ್ ಫೋನಿನಿಂದ ಕರೆ ಮಾಡಿದಳು.

"ಜಂಬಕ್ಕಾ, ನಿನ್ ತಂಗೀಗೆ ನೋವು ಬಂದಾವ. ಆಟೋದಾಗ ದವಾಖಾನಿಗೆ ತಂದೀನಿ. ಒಳಗ ಕರ್ಕೊಂಡ್ರು, ನನ್ನ ಬಿಡವಲ್ರು. ಕಿವಿ ಕೇಳಂಗಿಲ್ಲ ಅಂತ ಅಕಿ ಫೋನೊಂದು ಬಿಟ್ಟಾರ."

ತಿಪ್ಪೇಶ ಹಿಂದಿನ ರಾತ್ರಿ ಗ್ಯಾರೇಜಿನಲ್ಲೇ ಉಳಿದಿದ್ದ, ಲಾರಿಯೊಂದನ್ನು ಬೆಳಗಾಗುವುದರೊಳಗೆ ಮುಗಿಸಿಕೊಡಬೇಕಿತ್ತು. ಗ್ಯಾರೇಜಿನ ಯಜಮಾನ ಅಂದಾನಪ್ಪನಿಗೆ ಫೋನು ಮಾಡಿ, ಅವನ ಭುಜ ಹಿಡಿದು ಎಳೆದು ಬೈಕಿನಲ್ಲಿ ಕಳಿಸಿರಿ ಎಂದೆ. ಅವನ ಪರದೆಯಲ್ಲೂ ಹೆಂಡತಿಯ ಮುಖ ನಿಂತೇ ಇತ್ತಂತೆ. ಆಗಾಗ ತಲೆಯೆತ್ತಿ ಅದನ್ನು ನೋಡಿ ಮತ್ತೆ ಕೆಲಸಕ್ಕೆ ಬಾಗುತ್ತಿದ್ದನಂತೆ.

ಅಷ್ಟರಲ್ಲಿ ಗಂಗೋತ್ರಿಯ ನಂಬರಿನಿಂದಲೇ ಕರೆ ಬಂತು. ಮಾತಾಡಿದ್ದು ನರ್ಸು.

"ಅಕ್ಕಾರ, ನಾನು ಕಾವ್ಯ ಅಂತ. ಇವ್ರು ಫೋನಿನ್ಯಾಗ ನಿಮ್ಮ ಫೋಟೋ ತೋರ್ಸಿದ್ರು. ಏನೋ ಒಂದ ಸಮನ ಹೇಳಾಕತ್ತಾರ, ನಮಗ ಒಂದೂ ತಿಳಿವಲ್ದು. ಕೂಸಿನ ಎದಿಬಡಿತ ಏರಿಳಿತ ಆಗಾಕತ್ತೈತಿ. ಹೊಟ್ಟ್ಯಾಗ ಕೂಸು ಆಡೋದು ಯಾವಾಗಿಂದ ಕಮ್ಮಿ ಆಗೈತಿ ಅಂತ ಡಾಕ್ಟರು ಕೇಳಾಕತ್ತಾರ. ಕಾಯಬೇಕೋ ಆಪರೇಷನ್ ಮಾಡಬೇಕೋ ಅಂತ ನೋಡಾಕ."

"ವಿಡಿಯೋ ಹಚ್ಚವ್ವಾ, ಒಂದ ಚಣದಾಗ ಕೇಳಿ ಹೇಳ್ತೀನಿ!"

"ಹಚ್ಚಿದ್ನಿರಿ, ಸುಮ್ನ ತಿರುಗ್ತಾನ ಐತಿ. ತಡೀರಿ, ಮೆಸೇಜ್ ಬಂದೈತಿ. 'ನಿಮ್ಮ ಬಳಕೆ ವೈಯಕ್ತಿಕ ಬಳಕೆಯ ಮಿತಿಯನ್ನು ಮೀರಿದೆ. ಡೇಟಾ ಸೇವೆಯನ್ನು ತಡೆಹಿಡಿಯಲಾಗಿದೆ.'"

"ನಿನ್ನ ಫೋನ್ಲೆ ಹಚ್ಚು ತಾಯಿ."

"ನಮ್ಮವು ಒಳಗ ತರಂಗಿಲ್ರಿ, ಲಾಕರಿನ್ಯಾಗ ಅದಾವ. ಕೀಲಿ ಇರೋ ಸಿಸ್ಟರ್ ಹೊರಗ ಹೋಗ್ಯಾರ. ವಾರ್ಡಿಂದು ಬಟನ್ ಫೋನು."

ಐದು ನಿಮಿಷ ಕೊಡು ಎಂದು ಕೈಮುಗಿದು ಕರೆ ಕತ್ತರಿಸಿದೆ. ಆ ಸಿಮ್ಮಿಗೆ ರೀಚಾರ್ಜ್ ಮಾಡಿದೆ. ಹಣ ಹೋಯಿತು, 'ಯಶಸ್ವಿ' ಎಂದು ಹಸಿರು ಗುರುತು ಬಂತು, ಅವಳ ವಿಡಿಯೋ ಮಾತ್ರ ಬರಲಿಲ್ಲ. ಕಂಪನಿಯ ಸಹಾಯವಾಣಿಗೆ ಹಚ್ಚಿದೆ. ಕನ್ನಡಕ್ಕೆ ಒಂದು ಒತ್ತಿ, ದೂರಿಗೆ ಮೂರು ಒತ್ತಿ, ನಡುನಡುವೆ ಸಂಗೀತ ಬೇರೆ. ಸತ್ತವರ ಮನೆ ಮುಂದೆ ಬ್ಯಾಂಡು ಬಾರಿಸಿದಂತಿತ್ತು. ಕೊನೆಗೊಬ್ಬ ಹುಡುಗ ಸಿಕ್ಕಿದ.

"ಮೇಡಂ, ತಮ್ಮ ಪ್ಲಾನ್ ಅನ್‌ಲಿಮಿಟೆಡ್ಡೇ. ಆದರೆ ಅದಕ್ಕೆ ನ್ಯಾಯಯುತ ಬಳಕೆಯ ನಿಯಮ ಇರುತ್ತೆ. ದಿನವಿಡೀ ವಿಡಿಯೋ ಚಾಲೂ ಇದೆ. ವೈಯಕ್ತಿಕವಾಗಿ ಯಾರೂ ಹೀಗೆ ಬಳಸೋದಿಲ್ಲ. ಅಂಗಡಿ ಕ್ಯಾಮೆರಾಗೋ ವ್ಯಾಪಾರಕ್ಕೋ ಬಳಸ್ತಿದ್ದೀರಿ ಅಂತ ಸಿಸ್ಟಂ ತೋರಿಸ್ತಿದೆ."

"ಯಾವ ವ್ಯಾಪಾರನಪ್ಪಾ? ಗಂಡ ಹೆಂಡ್ತಿ ಮಾತಾಡ್ತಾರ!"

"ಮಾತಾಡೋಕೆ ವಾಯ್ಸ್ ಕಾಲ್ ಇದೆಯಲ್ಲ ಮೇಡಂ. ಅದಕ್ಕೆ ಯಾವ ಮಿತಿಯೂ ಇಲ್ಲ."

ಅವರು ಮೂಗರು, ಕಿವುಡರು ಎಂದು ಕೂಗಿ ಹೇಳಿದೆ. ಜೀವಮಾನದಲ್ಲಿ ಆ ಎರಡು ಪದ ನನ್ನ ತಂಗಿಯ ಮೇಲೆ ನಾನು ಬಳಸಿದವಳಲ್ಲ. ಹುಡುಗ, ದೂರು ದಾಖಲಿಸಿದ್ದೇನೆ, ಪರಿಶೀಲಿಸಿ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸುತ್ತಾರೆ, ತೆರೆಯುವುದು ನನ್ನ ಕೈಯಲ್ಲಿಲ್ಲ ಎಂದ. ಅವನ ದನಿ ಸಣ್ಣಗಾಗಿತ್ತು. ಬೈಯಲಿಕ್ಕೂ ಅಲ್ಲಿ ಯಾರೂ ಇಲ್ಲ ಅನ್ನಿಸಿ ಅಳು ಬಂತು.

ಹೊರಗೆ ಸಂಡೂರು ಕಡೆಗೆ ಹೊರಟ ಸ್ಟಾಫ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಸುದ್ದಿ ತಿಳಿದಿದ್ದ ಡ್ರೈವರ್ ಹಂಪಯ್ಯ, "ಜಲ್ದಿ ಬಾ ಜಂಬಕ್ಕಾ, ನಿನ್ನ ಹೊಸಪೇಟಿ ಬಸ್ಸಿಗೆ ಮುಟ್ಟಸ್ತೀನಿ" ಎಂದು ಕೂಗಿದ. ಸೆರಗು ಸಿಕ್ಕಿಸಿಕೊಂಡು ಓಡಿದವಳು ಮೆಟ್ಟಿಲ ಮೇಲೆ ಕಾಲಿಟ್ಟು ನಿಂತೆ. ಬೆಟ್ಟ ಇಳಿಯುವಾಗ ಸಿಗ್ನಲ್ ಹೋಗುತ್ತದೆ, ಘಾಟಿಯಲ್ಲಿ ಮತ್ತೆ ಹೋಗುತ್ತದೆ. ಹೋದರೆ ಅವಳನ್ನು ಮುಟ್ಟುವುದು ಸಂಜೆಗೆ. ನಿಂತರೆ ಮುಟ್ಟುವುದೇ ಇಲ್ಲ, ಆದರೆ ಫೋನಿನಲ್ಲಿ ಇರುತ್ತೇನೆ. ಆಗ ಫೋನು ಬಡಿದುಕೊಂಡಿತು. ಕಾಲು ಕೆಳಗಿಟ್ಟೆ, ಬಸ್ಸು ಹೋಯಿತು.

"ಅಕ್ಕಾರ, ಡಾಕ್ಟರು ಭಾಳ ಅವಸರ ಮಾಡಾಕತ್ತಾರ" ಎಂದಳು ಕಾವ್ಯ. ಅವಳ ಮಾತಿನ ಹಿಂದೆ ಗಂಗೋತ್ರಿಯ ದನಿ ಕೇಳಿತು. ಪದವಿಲ್ಲದ ಒಂದು ಕೂಗು, ಎಳೆದು ಎಳೆದು. ಎಷ್ಟು ಸ್ಪಷ್ಟವಾಗಿತ್ತೆಂದರೆ ಅವಳು ಉಸಿರು ಹಿಡಿದದ್ದು, ಬಿಟ್ಟದ್ದು ಎಲ್ಲ ಕಿವಿಗೆ ಬೀಳುತ್ತಿತ್ತು. ಮಿತಿ ಇಲ್ಲದ ವಾಯ್ಸ್ ಕಾಲ್ ಅಂದರೆ ಇದೇ. ಒಡಹುಟ್ಟಿದ ತಂಗಿ ನನ್ನ ಕಿವಿಯಲ್ಲೇ ಕೂಗುತ್ತಿದ್ದಾಳೆ, ಏನೆಂದು ನನಗೆ ತಿಳಿಯದು. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವಂತಾಯಿತು.

ಉಪಾಯ ಹೊಳೆಯಿತು ಎಂದು ಹೇಳಲಾರೆ. ಬೇರೇನೂ ಉಳಿದಿರಲಿಲ್ಲ, ಅಷ್ಟೆ.

"ಕಾವ್ಯಾ, ತಾಯಿ, ಫೋನು ಸ್ಪೀಕರಿಗೆ ಹಾಕಿ ಬಾಜೂಕ ಇಡು. ನಾ ಹೇಳ್ದಂಗ ನೀ ಕೈ ಮಾಡು. ಅಕಿ ಏನು ಮಾಡ್ತಾಳೋ ಅದನ್ನ ಬಾಯಿಲೆ ನನಗ ಹೇಳು."

"ಹೇಳ್ರಿ."

"ನಿನ್ನ ಹೊಟ್ಟಿ ಮ್ಯಾಲ ಅಂಗೈ ಇಟ್ಕೋ. ಮೀನು ಹೊರಳಿದಂಗ ಆ ಅಂಗೈ ಹೊರಳಿಸು. ಆಮ್ಯಾಲ ತುಟಿ ಮುಂದಕ್ಕ ಚಾಚು."

"ಮಾಡಿದ್ನಿರಿ. ಸುಮ್ನ ನೋಡಾಕತ್ತಾರ."

"ತುಟಿ ಚಾಚಿದೇನು? ಅದಿಲ್ದಿದ್ರ ಪ್ರಶ್ನಿ ಆಗಂಗಿಲ್ಲವ್ವಾ."

"ಮಾಸ್ಕ್ ಹಾಕೀನಲ್ರಿ."

ದೂರದಲ್ಲಿ ಡಾಕ್ಟರಮ್ಮನ ದನಿ ಕೇಳಿತು, "ಇಳಿಸು ಕಾವ್ಯಾ, ಪರವಾಗಿಲ್ಲ." ಗಂಗೋತ್ರಿಯ ಕೂಗು ಒಮ್ಮೆಲೇ ನಿಂತಿತು. ಅವಳಿಗೆ ತಿಳಿಯಿತು ಎಂದು ನನಗೂ ತಿಳಿಯಿತು.

"ಈಗ ಕೈ ಮಾಡಾಕತ್ತಾರ. ರೊಟ್ಟಿ ಬಡಿದಂಗ ಮಾಡಿದ್ರು. ಆಮ್ಯಾಲ ಒಂದು ಕೈಯನ್ನ ಹೆಗಲ ಮ್ಯಾಲಿಂದ ಹಿಂದಕ್ಕ ಒಗೆದ್ರು."

"ಹಿಂದಕ್ಕ? ಖರೇ ನೋಡಿದೇನು?"

"ಹೌದ್ರಿ. ಈಗ ಆ ಮೀನಿನ ಕೈ ಮಾಡಿದ್ರು. ಬೋರಲು ತಿರುಗಿಸಿ ಹಾಸಿಗಿ ಮ್ಯಾಲ ಇಟ್ರು. ಅಲ್ಲೇ ಇಟ್ಟಾರ, ಎತ್ತವಲ್ರು."

ನಿನ್ನೆ ಬೆಳಿಗ್ಗೆಯಿಂದ ಕೂಸು ಆಡಿಲ್ಲ.

ಅದನ್ನು ನನ್ನ ಬಾಯಿಂದ ಹೇಳಬೇಕಾಯಿತು. ನಿನ್ನೆಯೆಲ್ಲ ಅವಳ ಚಿತ್ರ ಒಡೆಯುತ್ತಲೇ ಇತ್ತು. ಇದನ್ನೇ ಹೇಳುತ್ತಿದ್ದಳೋ ಏನೋ. ಗಂಡನಿಗೆ ಹೇಳಿದಳು, ನನಗೆ ಹೇಳಿದಳು, ಇಬ್ಬರಿಗೂ ಮುಟ್ಟಲಿಲ್ಲ. ಯಾವುದೋ ಊರಿನ ಯಾವುದೋ ಯಂತ್ರ ಅದನ್ನು ಅಳೆದು, ಇದು ವ್ಯಾಪಾರ ಎಂದು ಬರೆದುಕೊಂಡಿತು. ಅದರ ಕೈಗೆ ಹುಳ ಬೀಳಲಿ ಎಂದು ಶಪಿಸೋಣವೆಂದರೆ ಅದಕ್ಕೆ ಕೈಯೂ ಇಲ್ಲ.

"ಥಿಯೇಟರ್ ರೆಡಿ ಮಾಡಿ" ಎಂದು ಡಾಕ್ಟರಮ್ಮ ಹೇಳಿದ್ದು ಕೇಳಿಸಿತು. "ಅಕ್ಕಾರ, ಆಪರೇಷನ್ ಅಂತ ಇವ್ರಿಗೆ ಹೆಂಗ ಹೇಳ್ಲಿ?" ಎಂದಳು ಕಾವ್ಯ. ನಮ್ಮ ಕೈಮಾತಿನಲ್ಲಿ ಕೊಯ್ಯುವುದಕ್ಕೆ ಇರುವುದು ಕುರಿ ಕೊಯ್ಯುವ ಸನ್ನೆಯೊಂದೇ. ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಹೊಟ್ಟಿ ಮುಂದ ಚೀಲದ ಬಾಯಿ ಬಿಚ್ಚಿದಂಗ ಮಾಡು. ಒಳಗಿಂದ ಕೂಸು ಎತ್ತಿ ಎದಿಗೆ ಅಪ್ಪಿಕೊಂಡಂಗ ಮಾಡು."

"ಮಾಡಿದೆ. ಹೂಂ ಅಂದಂಗ ಗೋಣು ಹಾಕಿದ್ರು. ಈಗ ಮೂಗು ಹಿಂಡಿಕೊಂಡು ತುಟಿ ಚಾಚಾಕತ್ತಾರ."

ಅಕ್ಕ ಎಲ್ಲಿ, ಎಂದು.

"ಎರಡು ಬೆರಳು ಅಂಗೈ ಮ್ಯಾಲ ನಡೆಸು. ಬರಾಕತ್ತಾಳ ಅಂತ ಹೇಳು." ಬಸ್ಸಿನ ಕೆಂಪು ಧೂಳು ಇನ್ನೂ ರಸ್ತೆಯ ಮೇಲಿತ್ತು.

ಆಮೇಲೆ ಫೋನು ಸತ್ತಂತೆ ಬಿದ್ದಿತ್ತು. ಊಟಕ್ಕೆ ಬಂದವರು ತಾವೇ ಬಡಿಸಿಕೊಂಡರು. ಇರುವ ದೇವರಿಗೆಲ್ಲ ಹರಕೆ ಹೊತ್ತೆ, ಬೈದೆ, ಮತ್ತೆ ಹೊತ್ತೆ. ತಿಪ್ಪೇಶ ದವಾಖಾನೆ ಮುಟ್ಟಿ ಬಾಗಿಲ ಬಳಿ ಕೂತಿದ್ದಾನೆ ಎಂದು ನಡುವೆ ಒಮ್ಮೆ ಉಚ್ಚಂಗೆಮ್ಮ ಕರೆ ಮಾಡಿ ತಿಳಿಸಿದಳು. ಅವಸರದಲ್ಲಿ ಫೋನನ್ನು ಗ್ಯಾರೇಜಿನ ಕಂಬದಲ್ಲೇ ಬಿಟ್ಟು ಬಂದಿದ್ದ ಅವನಿಗೆ ಏನು ಹೇಳಬೇಕು, ಹೇಗೆ ಹೇಳಬೇಕು ತಿಳಿಯದೆ ಅವನ ಕೈ ಹಿಡಿದು ಕೂತಿದ್ದಾಳಂತೆ.

ಬಿಸಿಲು ಇಳಿದ ಮೇಲೆ ಗಂಗೋತ್ರಿಯ ನಂಬರು ಬಂತು. ಎತ್ತಿದೆ. ಆ ಕಡೆ ಯಾರೂ ಮಾತಾಡಲಿಲ್ಲ. ನನ್ನ ಜೀವ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಕೂಸು ಅತ್ತಿತು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಶುರುವಾಗಿ ಆಮೇಲೆ ಗಂಟಲು ಬಿಚ್ಚಿತು.

"ಕೇಳ್ತೇನ್ರಿ ಅಕ್ಕಾರ? ಹೆಣ್ಣು ಕೂಸು. ಮೊದಲಿಗೆ ಅಳಲೇ ಇಲ್ರಿ, ಭಾಳ ಹೆದರಿಸ್ತು. ಈಗ ಅವ್ವನ ಬಾಜೂಕ ಹಾಕೀವಿ. ಆದ್ರ ಇವ್ರು ಇನ್ನೂ ಹೆದರಿ ಹೆದರಿ ನೋಡಾಕತ್ತಾರ."

ಅವಳಿಗೆ ಹೇಗೆ ತಿಳಿಯಬೇಕು! ಬಾಯಿ ತೆರೆದಿರುವ ಕೂಸು ಕಾಣುತ್ತದೆ, ಅಳು ಕಾಣುವುದಿಲ್ಲ.

"ಕಾವ್ಯಾ, ಅಕಿ ಅಂಗೈ ತಗೊಂಡು ಕೂಸಿನ ಎದಿ ಮ್ಯಾಲ ಇಡವ್ವಾ. ಅಳೋದು ಕೈಗೆ ಗೊತ್ತಾಗ್ತತಿ."

ಸ್ವಲ್ಪ ಹೊತ್ತು ಕೂಸಿನ ಅಳುವೊಂದೇ ಕೇಳುತ್ತಿತ್ತು. "ಗೊತ್ತಾತ್ರಿ ಇವ್ರಿಗೆ" ಎಂದಳು ಕಾವ್ಯ. "ಈಗ ಕೂಸಿಗೆ ಬಟ್ಟು ಮಾಡಿ ತೋರ್ಸಿ, ತಮ್ಮ ಕಿವಿ ಮುಟ್ಕೊಂಡು, ತುಟಿ ಚಾಚಾಕತ್ತಾರ. ಏನಂತ್ರಿ ಅದು?"

ಇದಕ್ಕೆ ಕಿವಿ ಕೇಳುತ್ತದೆಯೇ, ಎಂದು. ಸತ್ತು ಬದುಕಿದವಳು ಕೇಳಿದ ಮೊದಲ ಪ್ರಶ್ನೆ ಅದು.

"ಅದನ್ನ ಪರೀಕ್ಷೆ ಮಾಡಾಕ ಇನ್ನೂ ಟೈಮ್ ಐತ್ರಿ" ಎಂದಳು ಕಾವ್ಯ. "ಏನಂತ ಹೇಳ್ಲಿ?"

ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಈಗ ಧಾರೆಯಾಗಿ ಇಳಿಯಿತು.

"ಕೇಳಿದ್ರೂ ನಮ್ಮದು, ಕೇಳಲಿಲ್ಲಂದ್ರೂ ನಮ್ಮದು ಅಂತ ಹೇಳವ್ವಾ. ಒಂದು ಸಲ ಕಿವಿ ಮುಟ್ಕೋ, ಒಂದು ಸಲ ಕಿವಿ ಮುಚ್ಕೋ. ಆಮ್ಯಾಲ ಎರಡೂ ಕೈ ಎದಿಗೆ ಒತ್ಕೋ."

"ಹೇಳಿದೆ ಅಕ್ಕಾರ."

"ಏನಂದ್ಲು?"

"ಏನೂ ಅನ್ನವಲ್ರು. ಎರಡೂ ಕೈ ಕೂಸಿನ ಮ್ಯಾಲ ಅದಾವ."