ಅಂಚಿನ ಸಾಲಿನ ಶೇಂಗಾ

ಗದಗಿನ ಎಣ್ಣೆಗಿರಣಿಯಲ್ಲಿ ದುಡಿದು, ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ನಾನು ಒಕ್ಕಲುತನದ ಮಾತು ಬರೆಯಬಾರದು. ಶೇಂಗಾ ನನಗೆ ಚೀಲದಲ್ಲಿ ಪರಿಚಯವೇ ಹೊರತು ಹೊಲದಲ್ಲಲ್ಲ. ಅಧಿಕಪ್ರಸಂಗವೆನಿಸಿದರೆ ತಿಳಿದವರು ಮನ್ನಿಸಬೇಕು.

ಕನ್ನಡ ನಾಡು ಒಂದಾದ ವರ್ಷ, ಹರ್ತಿಯಲ್ಲಿ ನಮ್ಮ ನೆರೆಯ ಉಳವಪ್ಪ ತನ್ನ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಸರಕಾರಿ ಗೊಬ್ಬರ ಹಾಕಿದ. ಉಪ್ಪಿನಂಥ ಬಿಳಿ ಗೊಬ್ಬರ. ಬೇಸಾಯ ಖಾತೆಯ ಸಾಹೇಬರು ಹಿಡಿ ಹಿಡಿ ಚೆಲ್ಲಲು ಹೇಳಿದ್ದರು. ಬರಲಿರುವ ಹೊಸ ರಾಜ್ಯಕ್ಕೆ ಹಿಡಿ ಸಾಲದೆಂದು ಉಳವಪ್ಪ ಬುಟ್ಟಿಗಟ್ಟಲೆ ಚೆಲ್ಲಿದ. ಬಿತ್ತಿದ್ದು ಹೆಂಡತಿ ಸಿದ್ದಲಿಂಗವ್ವನ ಬೀಜ. ತವರು ಹಮ್ಮಿಗಿಯಿಂದ ತಂದು, ವರ್ಷ ವರ್ಷ ಆರಿಸಿ ಗಡಿಗೆಯಲ್ಲಿ ಕಾಯ್ದುಕೊಂಡದ್ದು. ಪ್ರತಿ ಸಲ ಒಂದಷ್ಟು ಗಡಿಗೆಯಲ್ಲೇ ಉಳಿಯುತ್ತಿತ್ತು. ಈ ಸಲ ಉಳವಪ್ಪ ತಳ ಕೆರೆದು ಬಿತ್ತಿದ.

"ಗಡಿಗಿ ಏನ, ನೆಲದಾಗಿನ ಹಗೇವ ತುಂಬತೈತಿ ಬಿಡ," ಎಂದ.

ಶ್ರಾವಣದ ಹೊತ್ತಿಗೆ ಬಳ್ಳಿ ಮೊಣಕಾಲು ಮುಚ್ಚಿತು. ಲಕ್ಕುಂಡಿಯಿಂದ, ಮುಂಡರಗಿಯಿಂದ ಜನ ನೋಡಲು ಬಂದರು. ಉಳವಪ್ಪ ಬದುವಿನ ಮೇಲೆ ಕಂಬಳಿ ಹಾಸಿ ಕೂಡ್ರಿಸುತ್ತಿದ್ದ. ಇಷ್ಟು ಕಣ್ಣು ಬಿದ್ದರೆ ಬೀಜ ಉಳಿದೀತೇ ಎಂದು ಸಿದ್ದಲಿಂಗವ್ವನಿಗೆ ಚಿಂತೆ. ಕಣ್ಣು ತಟ್ಟದಿರಲೆಂದು, ಮನೆಗೆ ಬಳಿದು ಉಳಿದ ಸುಣ್ಣ ತಂದು ಹೊಲದ ಅಂಚಿನ ಸಾಲುಗಳಿಗೆ ಸುತ್ತಲೂ ಚೆಲ್ಲಿದಳು.

"ಹುಚ್ಚಿ ಏನಲೇ ನೀ? ಸಾಹೇಬ್ರು ನೋಡಿದ್ರ ನಗತಾರ."

"ನಗಲಿ ಬಿಡ್ರಿ. ನಗೋರ ಕಣ್ಣು ತಟ್ಟೂದಿಲ್ಲ."

ಸಾಹೇಬರು ಬಂದು ನಕ್ಕೇ ನಕ್ಕರು. ಆಮೇಲೆ ಹಸಿರು ಬಳ್ಳಿಯನ್ನು ನೋಡಿ ನಡುಹೊಲದಲ್ಲಿ 'ಮಾದರಿ ಹೊಲ' ಎಂಬ ಹಲಗೆ ನೆಡಿಸಿದರು.

ಗದಗಿನಲ್ಲಿ ಏಕೀಕರಣದ ತೋರಣ ಕಟ್ಟುತ್ತಿದ್ದಾಗ ಹರ್ತಿಯಲ್ಲಿ ಶೇಂಗಾ ಕಿತ್ತರು. ನಾನೂ ಹೋಗಿದ್ದೆ. ನಡುಹೊಲದ ಬಳ್ಳಿ ಎಳೆದರೆ ಅಲ್ಲೊಂದು ಇಲ್ಲೊಂದು ಕಾಯಿ. ಒಡೆದರೆ ಪೊಳ್ಳು, ಇಲ್ಲವೇ ಸುಕ್ಕುಗಟ್ಟಿದ ಕಾಳು. ಸಿದ್ದಲಿಂಗವ್ವ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಬಿಸಾಡುತ್ತ ಹೋದಳು. ಬಿತ್ತಲು ಒಂದೂ ಬರುವಂತಿರಲಿಲ್ಲ.

"ದನಕ್ಕ ಚಲೋ ಮೇವ ಬೆಳದೀರಿ," ಎಂದಳು. ಉಳವಪ್ಪ ಹಲಗೆಯ ಕಡೆ ನೋಡಲಿಲ್ಲ.

ಅಂಚಿಗೆ ಬಂದಾಗ ಅವಳ ಕೈ ನಿಂತಿತು. ಅಲ್ಲಿಯ ಬಳ್ಳಿ ಗಿಡ್ಡ. ಬುಡದಲ್ಲಿ ಗೊಂಚಲು ಗೊಂಚಲು ಕಾಯಿ, ಕಾಯಿ ತುಂಬ ಕಾಳು.

"ನೋಡ್ರಿ, ಸುಣ್ಣ ಬಿದ್ದಲ್ಲಿ ನೆದರ ತಟ್ಟಿಲ್ಲ! ಬದುವಿನ ಮ್ಯಾಲ ಕುಂತು ಎಲ್ಲಾರೂ ನಡುವ ನೋಡ್ಯಾರ."

ಸುದ್ದಿ ಕೇಳಿ ಬಂದ ಸಾಹೇಬರು ಕಾಯಿ ಒಡೆದು ನೋಡಿದರು. "ನೆದರಲ್ಲವ್ವ. ಕಾಳು ತುಂಬಾಕ ಶೇಂಗಾಕ್ಕ ಸುಣ್ಣದ ಸತ್ವ ಬೇಕು. ಬಿಳಿ ಗೊಬ್ಬರ ಹೆಚ್ಚಾದ್ರ ಬರೀ ಎಲಿ ಬೆಳೀತಾವು."

"ಹಂಗಾದ್ರ ಆವಾಗ ಯಾಕ ನಕ್ಕಿರಿ, ಸಾಹೇಬರ?"

ಸಾಹೇಬರು ಹಲಗೆಯನ್ನು ಕೀಳಿಸಿ ಅಂಚಿನ ಸಾಲಿಗೆ ನೆಡಿಸಿದರು.

ಅಂಚಿನ ಕಾಯಿಗಳಿಂದ ಗಡಿಗೆ ಮತ್ತೆ ತುಂಬಿತು. ಮರುವರ್ಷ ಸಿದ್ದಲಿಂಗವ್ವ ಇಡೀ ಹೊಲಕ್ಕೆ ಸುಣ್ಣ ಹಾಕಿಸಿದಳು, ಬಿಳಿ ಗೊಬ್ಬರ ಹಿಡಿಯಷ್ಟೇ ಚೆಲ್ಲಗೊಟ್ಟಳು, ಸುತ್ತಲೂ ಮುಳ್ಳುಬೇಲಿ ಹಚ್ಚಿ ಯಾರನ್ನೂ ಒಳಗೆ ಬಿಡಲಿಲ್ಲ. ಕಾಳು ತುಂಬಿ ಬಂತು. ನಾಲ್ಕು ಸಾಲುಗಳನ್ನಾದರೂ ಸುಣ್ಣವಿಲ್ಲದೆ ಬಿಟ್ಟು ನೋಡೋಣವೆಂದು ನಾನು ಬಿತ್ತುವಾಗಲೇ ಕೇಳಿದ್ದೆ.

"ನಿನ್ನ ಸಂಜಿ ಶಾಲಿಗೆ ನನ್ನ ಬೀಜ ಬೇಕಾತೇನೋ, ತಮ್ಮಾ?" ಎಂದಿದ್ದಳು.

ಮೊದಲ ವರ್ಷ ಉಳವಪ್ಪನ ಗೊಬ್ಬರದ ಬುಟ್ಟಿ ಹೊಲದ ಅಂಚು ಮುಟ್ಟುವ ಮೊದಲೇ ಬರಿದಾಗಿದ್ದೂ ನನಗೆ ನೆನಪಿದೆ. ಹೀಗಾಗಿ ಕಾಳು ತುಂಬಿದ್ದು ಸುಣ್ಣದಿಂದಲೋ, ಗೊಬ್ಬರ ಕಡಿಮೆಯಾದುದರಿಂದಲೋ, ಯಾರೂ ನೋಡದ್ದರಿಂದಲೋ, ನನಗೆ ಗೊತ್ತಿಲ್ಲ.