ಸೊಸೆಯ ಮೈಯಲ್ಲಿ ಕಿರಣ ಉಳಿದಿಲ್ಲ

ಬೆಳಗ್ಗೆ ಭಟ್ಟಿಯಿಂದ ತೆಗೆದ ಬ್ರೆಡ್ಡು ಮಧ್ಯಾಹ್ನವಾದರೂ ಅರ್ಧಕ್ಕರ್ಧ ಹಾಗೇ ಕೂತಿತ್ತು. ಒಂದು ವಾರದಿಂದ ಇದೇ ಪಾಡು. ಬೀದಿಯವರೆಲ್ಲ ಬ್ರೆಡ್ಡಮ್ಮ ಎಂದು ಕರೆಯುವ ಬೇಕರಿಯ ಯಜಮಾನಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು ನೋಡಿದಳು. ಹುಳಿಯಿಲ್ಲ, ಹಸಿಯಿಲ್ಲ, ಹದ ಸರಿಯಾಗೇ ಇದೆ. ಮತ್ತೆ ಈ ಜನಕ್ಕೆ ಬಂದಿರುವ ಧಾಡಿಯಾದರೂ ಏನು?

ಎದುರಿನ ಹಾಲಿನಂಗಡಿಯವನನ್ನೇ ಕೇಳಿದಳು. ಅವನು ಆಕಡೆ ಈಕಡೆ ನೋಡಿ, ಮುಂದಕ್ಕೆ ಬಗ್ಗಿ ಪಿಸುಗುಟ್ಟಿದ.

"ನಾನು ಹೇಳಿದೆ ಅಂತ ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಸೊಸೆಗೆ ಆಸ್ಪತ್ರೇಲಿ ಕಿರಣ ಹಾಯಿಸ್ತಾರಲ್ಲ, ಅದು ಮೈಯಲ್ಲೇ ಉಳ್ಕೊಳ್ಳುತ್ತಂತೆ. ಆ ಕೈಯಲ್ಲಿ ಹಿಟ್ಟು ನಾದಿದ್ರೆ ತಿನ್ನೋರ ಹೊಟ್ಟೆಗೂ ಹೋಗುತ್ತೆ ಅಂತ ಜನ ಮಾತಾಡ್ಕೋತಾರೆ."

"ಯಾವ ಜನ?"

"ಜನ ಅಂದ್ರೆ ಜನ. ಅಷ್ಟೇ ಅಲ್ಲ, ಅವಳನ್ನ ಅಲ್ಲಿ ಯಾವುದೋ ಪ್ರಯೋಗಕ್ಕೆ ಸೇರಿಸ್ಕೊಂಡಿದ್ದಾರಂತೆ. ನಿಮ್ಮ ಮಗನೇ ಹೇಳಿದ. ನಿಮಗೆ ಗೊತ್ತಿಲ್ವಾ?"

ಬ್ರೆಡ್ಡಮ್ಮನಿಗೆ ಗೊತ್ತಿರಲಿಲ್ಲ. ಸೊಸೆಯ ಎದೆಯಲ್ಲಿ ಗಂಟು ಕಂಡದ್ದು, ಆಪರೇಷನ್ ಮಾಡಿ ತೆಗೆದದ್ದು, ಅಳಿದುಳಿದದ್ದು ಏನಾದರೂ ಇದ್ದರೆ ಸಾಯಲಿ ಎಂದು ಈಗ ಯಂತ್ರದಿಂದ ಕಿರಣ ಕೊಡುತ್ತಿರುವುದು, ಇಷ್ಟು ಗೊತ್ತಿತ್ತು. ಪ್ರಯೋಗದ ಮಾತು ಕಿವಿಗೆ ಬಿದ್ದದ್ದು ಇದೇ ಮೊದಲು. ಹಾಲಿನಂಗಡಿಯವನ ಮುಂದೆ, "ಮಾಡೋಕೆ ಕೆಲಸ ಇಲ್ಲದೋರ ಬಾಯಿಗೆ ಬೀಗ ಉಂಟಾ" ಎಂದು ಗದರಿ ಬಂದಳು ನಿಜ. ಆದರೆ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಭಯ ಅವಳ ಬೆನ್ನು ಹತ್ತಿತ್ತು.

ಅಂದಿನಿಂದಲೇ ಸೊಸೆಯ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ಅವಳ ಬಟ್ಟೆಗೆ ಬೇರೆ ಬಕೆಟ್ಟು. ಪುಟ್ಟ ಮೊಮ್ಮಗಳು ಅಜ್ಜಿಯ ಕೋಣೆಗೆ ಬಂದಳು. "ಅಮ್ಮನ ಹತ್ರ ಹೋಗಬೇಡ ಪುಟ್ಟಿ, ಅಮ್ಮನ ಮೈ ಸುಡುತ್ತೆ" ಎಂದು ಹೇಳಿ ಬ್ರೆಡ್ಡಮ್ಮ ಬಾಗಿಲು ಹಾಕಿಕೊಂಡಳು. ಮಗನ ಎದುರಿಗೇ ಇಷ್ಟೆಲ್ಲ ನಡೆಯಿತು. ಅವನು ತಲೆ ತಗ್ಗಿಸಿಕೊಂಡು ಹಿಟ್ಟಿನ ಮೂಟೆ ಇಳಿಸಲು ಹೋದ.

ಸೊಸೆ ಅಡುಗೆಮನೆಯ ಹೊಸಿಲ ಮೇಲೆ ನಿಂತು ತನ್ನ ಹೊಸ ತಟ್ಟೆಯನ್ನು ನೋಡಿದಳು.

"ಇದೇನತ್ತೆ?"

"ಮಗು ಇರೋ ಮನೆ. ಸ್ವಲ್ಪ ದಿನ ಜೋಪಾನವಾಗಿರೋಣ ಅಂತ. ಅಂಗಡಿ ಕಡೆನೂ ಬರಬೇಡ."

"ತಟ್ಟೆ ಬೇರೆ ಮಾಡಿದ್ರಿ. ನಾನು ಉಸಿರಾಡೋ ಗಾಳೀನೂ ಬೇರೆ ಮಾಡ್ತೀರಾ?"

ಸೊಸೆ ದನಿ ಏರಿಸಲಿಲ್ಲ. ಬೈದಿದ್ದರೆ ಬ್ರೆಡ್ಡಮ್ಮನೂ ಬೈಯಬಹುದಿತ್ತು. ಆ ತಣ್ಣನೆಯ ಮಾತಿಗೆ ಬೆನ್ನು ತಿರುಗಿಸಿ ಅಂಗಡಿಗೆ ಹೋದಳು.

ಮರುದಿನ ಆಸ್ಪತ್ರೆಗೆ ಹೊರಡುವ ಹೊತ್ತಾದರೂ ಸೊಸೆ ಚಪ್ಪಲಿ ಮೆಟ್ಟಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಂಡ ಬಂದು ಕರೆದ.

"ಹೋಗಲ್ಲ. ಮಗಳನ್ನ ಮುಟ್ಟೋ ಹಾಗಿಲ್ಲ ಅಂದ್ರೆ ವಾಸಿಯಾಗಿ ನಾನು ಮಾಡೋದೇನಿದೆ?"

ಅಂದು ಹೋಗಲಿಲ್ಲ, ಮಾರನೇ ದಿನವೂ ಹೋಗಲಿಲ್ಲ. ಆಸ್ಪತ್ರೆಯಿಂದ ಫೋನ್ ಬಂತು. ಬ್ರೆಡ್ಡಮ್ಮ ಮಗನ ಕೈಯಿಂದ ಫೋನ್ ಕಿತ್ತುಕೊಂಡಳು. ಇಷ್ಟು ದಿನ ಒಳಗೊಳಗೇ ಕುದಿಯುತ್ತಿದ್ದ ಸಿಟ್ಟಿಗೆ ಕೊನೆಗೂ ಒಬ್ಬರು ಸಿಕ್ಕಿದ್ದರು.

"ನಮ್ಮ ಮನೆ ಹುಡುಗಿ ಏನು ಇಲಿನಾ, ನಿಮ್ಮ ಪ್ರಯೋಗಕ್ಕೆ? ಬಡವರ ಮನೆಯವರು, ಕೇಳೋರಿಲ್ಲ ಅಂದ್ಕೊಂಡ್ರಾ? ನಾನೇ ಬರ್ತೀನಿ ಇರಿ."

"ಖಂಡಿತ ಬನ್ನಿ ಅಮ್ಮ. ಆದರೆ ಅವರನ್ನೂ ಕರ್ಕೊಂಡು ಬನ್ನಿ. ಮಧ್ಯದಲ್ಲಿ ಬಿಡಬಾರದು" ಎಂದಿತು ಆ ಕಡೆಯ ದನಿ.

"ಏಳು, ಅವರನ್ನೇ ಕೇಳೋಣ" ಎಂದು ಬ್ರೆಡ್ಡಮ್ಮ ಸೊಸೆಯನ್ನೂ ಎಬ್ಬಿಸಿಕೊಂಡು ಹೊರಟಳು. ಕಿರಣದ ವಿಭಾಗ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ದಪ್ಪ ಗೋಡೆ, ಕಿಟಕಿಯಿಲ್ಲದ ಓಣಿ, ಉದ್ದದ ಬೆಂಚಿನ ಮೇಲೆ ಸರದಿಗಾಗಿ ಕಾದವರು. ಒಬ್ಬ ಹೆಂಗಸಿನ ತಲೆಯಲ್ಲಿ ಕೂದಲಿರಲಿಲ್ಲ. ಅವಳ ಪಕ್ಕದ ಜಾಗ ಖಾಲಿಯಿತ್ತು. ಬ್ರೆಡ್ಡಮ್ಮ ಅಲ್ಲಿ ಕೂರದೆ ನಿಂತೇ ಇದ್ದಳು. ಸೊಸೆ ಹೋಗಿ ಆ ಹೆಂಗಸಿನ ಪಕ್ಕ ಕೂತಳು.

ಬಿಳಿ ಕೋಟಿನ ಹೆಂಗಸೊಬ್ಬರು ಬಂದರು. ಡಾಕ್ಟರಲ್ಲವಂತೆ. ಭೌತಶಾಸ್ತ್ರ ಓದಿದವರು. ಯಂತ್ರದಿಂದ ಯಾರಿಗೆ, ಎಲ್ಲಿಗೆ, ಎಷ್ಟು ಕಿರಣ ಹೋಗಬೇಕು ಎಂದು ಲೆಕ್ಕ ಹಾಕುವುದು ಅವರ ಕೆಲಸ. ಫೋನ್ ಮಾಡಿದ್ದವರೂ ಅವರೇ.

ಬ್ರೆಡ್ಡಮ್ಮ ಕೈ ಮುಗಿಯಲಿಲ್ಲ. ಮನೆಯಿಂದ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಕೋಟಿನವರು ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಹೇಳಿದರು:

"ನಿಮ್ಮ ಸಿಟ್ಟು ನ್ಯಾಯವಾದದ್ದೇ ಅಮ್ಮ. ಕೇಳದೆ, ಹೇಳದೆ ಒಬ್ಬರ ಮೈ ಮೇಲೆ ಪ್ರಯೋಗ ಮಾಡಿದ್ರೆ ಅದು ಅನ್ಯಾಯ. ಹಾಗೆ ಮಾಡಿದೋರೂ ಇದ್ದಾರೆ. ಅದಕ್ಕೇ ಈಗ ಕಟ್ಟುನಿಟ್ಟು. ನಾವು ಕೇಳಿದ್ವಾ ಇಲ್ವಾ ಅಂತ ನಿಮ್ಮ ಸೊಸೆನೇ ಹೇಳಲಿ."

ಸೊಸೆ ಮುಖ ಎತ್ತಿದಳು.

"ಕೇಳಿದ್ರು ಅತ್ತೆ. ಮಾಮೂಲಿ ಚಿಕಿತ್ಸೆಗೆ ಜಾಸ್ತಿ ದಿನ ಬರಬೇಕು. ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ಬೇಗ ಮುಗಿಸಿದ್ರೂ ಅಷ್ಟೇ ಗುಣ ಆಗುತ್ತಾ ಅಂತ ಇವರು ನೋಡ್ತಿದ್ದಾರೆ. ಬೇಗ ಮುಗಿದ್ರೆ ಬೇಗ ಅಂಗಡಿಗೆ ಬರಬಹುದು ಅಂತ ನಾನು ಒಪ್ಪಿದೆ. ಚರ್ಮ ಕೆಂಪಾಗಬಹುದು, ಸುಸ್ತಾಗಬಹುದು, ಬೇರೆ ತೊಂದರೆನೂ ಬರಬಹುದು ಅಂತ ಎಲ್ಲಾ ಹೇಳಿದ್ರು. ಯಾವಾಗ ಬೇಕಾದ್ರೂ ಬಿಡಬಹುದು, ಬಿಟ್ರೆ ಮಾಮೂಲಿ ಚಿಕಿತ್ಸೆ ಕೊಡ್ತೀವಿ ಅಂದ್ರು. ಮನೇಲಿ ಮಾತಾಡ್ಕೊಂಡು ಬನ್ನಿ ಅಂತ ಕಳಿಸಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಿಮ್ಮ ಮಗನಿಗೆ ಹೇಳಿದೆ. ಅವರು ಹಾಲಿನಂಗಡೀಲಿ ಹೇಳಿದ್ರು."

ಬೆಂಚಿನ ಮೇಲೆ ಯಾರೋ ಕಿಸಕ್ಕೆಂದರು. ಸೊಸೆ ನಗಲಿಲ್ಲ.

"ಇನ್ನೊಂದು ಕೇಳಿದ್ರು. ಈ ಕಾಯಿಲೆ ವಂಶದಲ್ಲಿ ಹರಿದು ಬರುತ್ತಾ ಅಂತ ಜೀನುಗಳನ್ನ ಪರೀಕ್ಷೆ ಮಾಡೋ ಬೇರೆ ಅಧ್ಯಯನ ಇದೆ, ರಕ್ತ ಕೊಡ್ತೀರಾ ಅಂತ. ನಾನು ಬೇಡ ಅಂದೆ."

"ಬೇಡ ಅಂದ್ಯಾ? ಬೈಲಿಲ್ವಾ?"

"ಸರಿ ಅಂದ್ರು, ಅಷ್ಟೇ. ಚಿಕಿತ್ಸೆ ನಿಲ್ಲಿಸಲಿಲ್ಲ."

"ಯಾಕೆ ಬೇಡ ಅಂದೆ?"

ಸೊಸೆ ಅತ್ತೆಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಗಂಟು ಕಂಡ ದಿನ ನೀವೇನಂದ್ರಿ? 'ನಿನ್ನ ತವರಿನ ರಕ್ತವೇ ಸರಿ ಇಲ್ಲ' ಅಂದ್ರಿ. ನಾಳೆ ಯಾರಾದ್ರೂ ಪುಟ್ಟಿಗೂ ಹಾಗೇ ಅಂದ್ರೆ?"

ಬ್ರೆಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೆಚ್ಚಿನೋರಿಗೆ ಇದು ವಂಶದಿಂದ ಬರಲ್ಲಮ್ಮ" ಎಂದರು ಕೋಟಿನವರು. "ಕೆಲವರಿಗೆ ಬರುತ್ತೆ. ತಾಯಿ ಕಡೆಯಿಂದಲೂ ಬರಬಹುದು, ತಂದೆ ಕಡೆಯಿಂದಲೂ ಬರಬಹುದು. ಅದು ಯಾರ ತಪ್ಪೂ ಅಲ್ಲ. ಗೊತ್ತಾದ್ರೆ ಅಕ್ಕತಂಗಿಯರು ಮೊದಲೇ ತೋರಿಸ್ಕೋಬಹುದು. ಆದರೆ ರಕ್ತ ಕೊಡೋದು ಬಿಡೋದು ಇವರ ಇಷ್ಟ."

"ಅದೆಲ್ಲ ಇರಲಿ" ಎಂದಳು ಬ್ರೆಡ್ಡಮ್ಮ. ಸೋಲಲು ಅವಳಿಗೆ ಇನ್ನೂ ಮನಸ್ಸಿರಲಿಲ್ಲ. "ಆ ಕಿರಣ ಮೈಯಲ್ಲಿ ಉಳಿಯುತ್ತಲ್ಲ, ಅದಕ್ಕೇನಂತೀರಾ?"

"ನಿಮ್ಮದು ಬೇಕರಿ ಅಲ್ವಾ? ಭಟ್ಟೀಲಿ ಬೆಂದ ಬ್ರೆಡ್ಡನ್ನ ಮನೆಗೆ ತಗೊಂಡು ಹೋದ್ರೆ ಮನೆಗೆ ಬೆಂಕಿ ಹತ್ತುತ್ತಾ?"

"ಹತ್ತಲ್ಲ. ಆದರೆ ಬಿಸಿ ಇರುತ್ತೆ."

ಕೋಟಿನವರು ನಕ್ಕುಬಿಟ್ಟರು. "ಒಳ್ಳೇ ಪ್ರಶ್ನೆ. ಇಲ್ಲಿ ಅಷ್ಟು ಬಿಸೀನೂ ಉಳಿಯಲ್ಲ. ದೀಪ ಆರಿಸಿದ ಮೇಲೆ ಕೋಣೇಲಿ ಬೆಳಕು ಉಳಿಯುತ್ತಾ, ಹಾಗೆ. ಪರಮಾಣು ಒಳಗೆ ಏನಿದೆ ಅಂತ ತಿಳಿಯೋಕೆ ವಿಜ್ಞಾನಿಗಳು ಕಣಗಳನ್ನ ಭಾರೀ ವೇಗದಲ್ಲಿ ಓಡಿಸೋ ಯಂತ್ರ ಕಟ್ಟಿದ್ರು. ಅದೇ ಜಾತಿಯ ಚಿಕ್ಕ ಯಂತ್ರ ನಮ್ಮದು. ಸ್ವಿಚ್ಚು ಹಾಕಿದಾಗ ಕಿರಣ, ಆರಿಸಿದ್ರೆ ಇಲ್ಲ. ನಂಬಬೇಡಿ, ನೀವೇ ಅಳೆದು ನೋಡಿ."

ಸೊಸೆಯನ್ನು ಒಳಗೆ ಕರೆದೊಯ್ದರು. ದಪ್ಪ ಬಾಗಿಲು ಮುಚ್ಚಿತು, ಕೆಂಪು ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಆರಿತು. ಸೊಸೆ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದಳು. ಕೋಟಿನವರು ಕಿರಣ ಅಳೆಯುವ ಪುಟ್ಟ ಪೆಟ್ಟಿಗೆಯೊಂದನ್ನು ಬ್ರೆಡ್ಡಮ್ಮನ ಕೈಗಿಟ್ಟರು. ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಿತ್ತು.

"ಇದ್ಯಾಕೆ ಈಗಲೇ ಟಿಕ್ ಅಂತಿದೆ?"

"ಮಣ್ಣಲ್ಲಿ, ಗೋಡೇಲಿ, ಆಕಾಶದಿಂದ, ಎಲ್ಲಾ ಕಡೆಯಿಂದ ಚೂರುಪಾರು ಕಿರಣ ಬರ್ತಾನೇ ಇರುತ್ತೆ. ಅದು ನಿಮ್ಮ ಅಂಗಡೀಲೂ ಇದೆ."

ಬ್ರೆಡ್ಡಮ್ಮ ಪೆಟ್ಟಿಗೆಯನ್ನು ಸೊಸೆಯ ಎದೆಯ ಹತ್ತಿರ ಹಿಡಿದಳು. ಕೈಯ ಹತ್ತಿರ, ಬೆರಳ ಹತ್ತಿರ, ಬಾಯಿಯ ಹತ್ತಿರ ಹಿಡಿದಳು. ಟಿಕ್ಕು ಹೆಚ್ಚಲಿಲ್ಲ. ತನ್ನ ಕೈಗೇ ಹಿಡಿದುಕೊಂಡಳು. ಅಷ್ಟೇ.

"ಇದು ಕೆಟ್ಟಿರಬಹುದು" ಎಂದಳು.

ಕೋಟಿನವರು ಬೀರುವಿನಿಂದ ಗುಂಡಿಯಂಥ ಬಿಲ್ಲೆಯೊಂದನ್ನು ತಂದರು. ಪೆಟ್ಟಿಗೆ ಸರಿಯಿದೆಯೇ ಎಂದು ನೋಡಲೆಂದೇ ಇಟ್ಟ, ಅತಿ ಸ್ವಲ್ಪ ಕಿರಣ ಸೂಸುವ ವಸ್ತು ಅದರೊಳಗಿತ್ತು. ಹತ್ತಿರ ತಂದದ್ದೇ ತಡ, ಪೆಟ್ಟಿಗೆ ಹುರಿಯುವಾಗ ಕಡಲೆ ಸಿಡಿದ ಹಾಗೆ ಪಟಪಟ ಸದ್ದು ಮಾಡಿತು. ಬಿಲ್ಲೆ ದೂರ ಸರಿಸಿದರು, ಸದ್ದು ಇಳಿಯಿತು. ಬ್ರೆಡ್ಡಮ್ಮ ಮತ್ತೆ ಸೊಸೆಯತ್ತ ಹಿಡಿದಳು. ಟಿಕ್. ಸ್ವಲ್ಪ ಬಿಟ್ಟು, ಟಿಕ್.

"ಈಗ ನೀವು ಮಾಡಿದ್ದೂ ಪ್ರಯೋಗವೇ ಅಮ್ಮ" ಎಂದರು ಕೋಟಿನವರು. "ಅನುಮಾನ ಬಂತು, ಅಳೆದ್ರಿ. ಅಳತೆ ಮೇಲೂ ಅನುಮಾನ ಬಂತು, ಅದನ್ನೂ ಪರೀಕ್ಷೆ ಮಾಡಿದ್ರಿ. ನಿಮ್ಮ ಬೀದಿಯವರು ಒಬ್ಬರೂ ಇಷ್ಟು ಮಾಡಿಲ್ಲ."

ಬೀದಿಯವರು ಎಂದದ್ದೇ ಬ್ರೆಡ್ಡಮ್ಮನ ಸಿಟ್ಟು ಮತ್ತೆ ಭುಗಿಲೆದ್ದಿತು. ಈ ಸಲ ಅದರ ದಿಕ್ಕು ಬೇರೆ. ಒಂದು ಪಾಲು ತನ್ನ ಮೇಲೂ ತಿರುಗಿತ್ತು.

ಬಸ್ಸಿಳಿದು ನೆಟ್ಟಗೆ ಹಾಲಿನಂಗಡಿಗೆ ಹೋದಳು. ಗಿರಾಕಿಗಳು ನಿಂತಿದ್ದರು. ನಿಂತಿರಲಿ ಎಂದೇ ಗಟ್ಟಿಯಾಗಿ ಕೇಳಿದಳು.

"ಕಿರಣ ಮೈಯಲ್ಲಿ ಉಳಿಯುತ್ತೆ ಅಂತ ನಿನಗೆ ಹೇಳಿದೋರು ಯಾರು?"

"ಅದು... ಎಲ್ಲರೂ ಅಂತಿದ್ರು ಅಕ್ಕ."

"ನಾನು ಅಳೆದು ಬಂದೆ. ಇಲ್ಲ. ನಿನ್ನ ಹೆಂಡತಿ ಕೈ ಮುರಿದಾಗ ಎಕ್ಸ್‌ರೇ ತೆಗೆಸಿದ್ಯಲ್ಲ, ಆಮೇಲೆ ನೀನು ಅವಳ ಕೈಯಡುಗೆ ಉಣ್ಣಲಿಲ್ವಾ? ನಿಮ್ಮ ಮಾತು ಕೇಳಿ ನಾನು ಸೊಸೆ ತಟ್ಟೆ ಬೇರೆ ಮಾಡಿದೆ. ಅವಳು ಮನಸ್ಸು ಮುರಿದು ಚಿಕಿತ್ಸೆ ಬಿಟ್ಟು ಮಲಗಿದಳು. ಅವಳಿಗೆ ಏನಾದ್ರೂ ಆಗಿದ್ರೆ, ಆ ಎಲ್ಲರೂ ಬಂದು ನನ್ನ ಮೊಮ್ಮಗಳಿಗೆ ತಾಯಿ ತಂದುಕೊಡ್ತಿದ್ರಾ?"

ಅವನು ಹಾಲಿನ ಅಳತೆ ಪಾತ್ರೆ ಕೈಯಲ್ಲಿ ಹಿಡಿದೇ ನಿಂತ. "ತಪ್ಪಾಯ್ತು ಅಕ್ಕ" ಎಂದ.

"ನನಗಲ್ಲ, ಅವಳಿಗೆ ಹೇಳು. ಇಷ್ಟು ದಿನ ಆ ಸುಳ್ಳನ್ನ ಎಷ್ಟು ಜನಕ್ಕೆ ಹೇಳಿದ್ಯೋ ಅಷ್ಟೂ ಜನಕ್ಕೆ ಈಗ ನಿಜಾನೂ ಹೇಳು."

ಮನೆಗೆ ಬಂದು ಬೇರೆ ಮಾಡಿದ್ದನ್ನೆಲ್ಲ ಒಟ್ಟು ಮಾಡಿದಳು.

"ತಟ್ಟೆ ಒಂದು ಮಾಡಿದ ಕೂಡಲೇ ಎಲ್ಲಾ ಸರಿ ಹೋಗಲ್ಲ ಅತ್ತೆ."

"ಹೋಗಲ್ಲ ಅಂತ ಗೊತ್ತು. ಬೈಯಬೇಕು ಅನಿಸಿದಾಗ ಬೈ. ಆದರೆ ನಾಳೆ ಆಸ್ಪತ್ರೆಗೆ ನಾನೂ ಬರ್ತೀನಿ."

ಎಲ್ಲಕ್ಕಿಂತ ಕಷ್ಟವಾದದ್ದು ಪುಟ್ಟಿಯದು. ಅಮ್ಮ ಕೈ ಚಾಚಿದರೆ ಮಗು ಹಿಂದಕ್ಕೆ ಸರಿಯಿತು. "ಅಮ್ಮನ ಮೈ ಸುಡುತ್ತೆ" ಎಂದಿತು. ಸೊಸೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಬ್ರೆಡ್ಡಮ್ಮ ಹೋಗಿ ಸೊಸೆಯ ಪಕ್ಕ ಕೂತು, ಅವಳ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. "ನೋಡು ಪುಟ್ಟಿ, ಅಜ್ಜಿ ಸುಳ್ಳು ಹೇಳಿದ್ದಳು." ಮಗು ದೂರದಿಂದಲೇ ಒಂದು ಬೆರಳು ಚಾಚಿ ಅಮ್ಮನ ಮೊಣಕಾಲು ಮುಟ್ಟಿತು. ಏನೂ ಆಗಲಿಲ್ಲ. ಇಡೀ ಕೈ ಇಟ್ಟಿತು. ಆಮೇಲೆ ಮಡಿಲಿಗೆ ಹತ್ತಿತು.

ಸೊಸೆಯ ಚಿಕಿತ್ಸೆ ಮುಗಿದಿದೆ. ತಪಾಸಣೆಗೆ ಹೋಗಿಬರುತ್ತಾಳೆ. ಬೇಗ ಮುಗಿಸುವ ಕ್ರಮ ಎಷ್ಟು ಒಳ್ಳೆಯದು ಎಂಬ ಉತ್ತರ ಸಿಗಲು ಇನ್ನೂ ವರ್ಷಗಳು ಬೇಕಂತೆ. ಸಿಕ್ಕಾಗ ತಮಗೂ ತಿಳಿಸಬೇಕೆಂದು ಅತ್ತೆ ಸೊಸೆ ಇಬ್ಬರೂ ಹೇಳಿಬಂದಿದ್ದಾರೆ. ಗಿರಾಕಿಗಳಲ್ಲಿ ಬಹಳ ಜನ ಮರಳಿದರು, ಕೆಲವರು ಇಂದಿಗೂ ಬಂದಿಲ್ಲ. ಜೀನಿನ ಪರೀಕ್ಷೆಗೆ ರಕ್ತ ಕೊಡುವ ವಿಚಾರವನ್ನು ಸೊಸೆ ತನ್ನ ತಂಗಿಯ ಜೊತೆ ಮಾತಾಡುತ್ತಿದ್ದಾಳೆ. ಬ್ರೆಡ್ಡಮ್ಮ ಅದರ ಬಗ್ಗೆ ತುಟಿ ಬಿಚ್ಚಿಲ್ಲ. ಬಿಚ್ಚದಿರುವುದು ಅವಳಿಗೆ ಎಷ್ಟು ಕಷ್ಟ ಎಂದು ಮನೆಯವರಿಗೆಲ್ಲ ಗೊತ್ತು.

ಈ ಕಥೆ ಓದಿದವರೇ, ಕೇಳಿದವರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಯಂತ್ರದಿಂದ ಕಿರಣ ಚಿಕಿತ್ಸೆ ಪಡೆಯುತ್ತಿರುವವರು ಇದ್ದರೆ ಅವರ ಪಕ್ಕ ಕೂತುಕೊಳ್ಳಿ, ಜೊತೆಗೆ ಉಣ್ಣಿ, ಮಕ್ಕಳನ್ನು ಅವರ ಮಡಿಲಿಗೆ ಕೊಡಿ. ಹೊರಗಿನ ಯಂತ್ರದ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಕಿರಣ ಸೂಸುವ ಔಷಧಿಯನ್ನು ನುಂಗಿಸುವ ಅಥವಾ ಮೈಯೊಳಗೆ ಇಡುವ ಬೇರೆ ಚಿಕಿತ್ಸೆಗಳಿವೆ. ಅವುಗಳಲ್ಲಿ ಕೆಲವಕ್ಕೆ ಸ್ವಲ್ಪ ಕಾಲ ಎಚ್ಚರ ಬೇಕು. ಎಷ್ಟು ಎಂದು ವೈದ್ಯರೇ ಹೇಳುತ್ತಾರೆ, ಬೀದಿಯವರನ್ನು ಕೇಳಬೇಡಿ. ಯಾರ ಮಾತಿಗೂ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ.

ಸಂಶೋಧನೆಗೆ ಸೇರುತ್ತೀರಾ ಎಂದು ಯಾರಾದರೂ ಕೇಳಿದರೆ ಓಡಿಹೋಗಬೇಡಿ, ಕಣ್ಣು ಮುಚ್ಚಿ ಹೆಬ್ಬೆಟ್ಟೂ ಒತ್ತಬೇಡಿ. ಯಾಕೆ ಮಾಡುತ್ತೀರಿ, ನನಗೇನು ತೊಂದರೆ ಆಗಬಹುದು, ಬೇರೆ ದಾರಿ ಏನಿದೆ, ನನ್ನ ರಕ್ತ ಎಲ್ಲಿಗೆ ಹೋಗುತ್ತದೆ, ಬೇಡವೆಂದರೆ ಏನಾಗುತ್ತದೆ ಎಂದು ಕೇಳಿ. ನಿಮ್ಮ ಭಾಷೆಯಲ್ಲಿ, ನಿಮಗೆ ಅರ್ಥವಾಗುವವರೆಗೆ ಕೇಳಿ. ಉತ್ತರ ಕೊಡಲು ಬೇಸರಪಡುವವರಿಗೆ ನಿಮ್ಮ ಮೈ ಮುಟ್ಟುವ ಹಕ್ಕಿಲ್ಲ.