ಕೂರಿಸಿ ಹೇಳಬೇಕಾದ ಮಾತು

ಆಸ್ಪತ್ರೆಯ ನಿರ್ದೇಶಕರ ಕಾಲರು ಸತ್ತವಳ ತಮ್ಮನ ಮುಷ್ಟಿಯೊಳಗೆ ಮುದುಡಿಹೋಗಿತ್ತು. ಮೇಲಿನ ಗುಂಡಿ ಕಿತ್ತು ಎಲ್ಲೋ ಹಾರಿತು.

"ಇನ್ನೊಂದ್ಸಲ ಹೇಳು. ನಮ್ಮಕ್ಕಂದೇ ತಪ್ಪು ಅಂತ ಇನ್ನೊಂದ್ಸಲ ಬೊಗಳು ನೋಡೋಣ!"

"ತಪ್ಪು ಅಂದಿಲ್ಲಪ್ಪ ನಾನು... ನಿಯಮ ಇದೆ ಅಂದೆ. ಗಲಾಟೆ ಆದ್ರೆ ಬಾಗಿಲು ಹಾಕ್ಕೊಂಡು ಒಳಗಿರಬೇಕು. ಅವರು ಹೊರಗೆ ಬರಬಾರದಿತ್ತು, ಅಷ್ಟೇ..."

ಮಾತು ಮುಗಿಯಲಿಲ್ಲ. ತಮ್ಮ ಅವರನ್ನು ಎತ್ತಿ ಗೋಡೆಗೆ ಅಪ್ಪಳಿಸಿದ. ಅವರು ತಂದಿದ್ದ ಹೂವಿನ ಚಕ್ರ ಕಾಲಡಿ ಸಿಕ್ಕಿ ಜಜ್ಜಿಹೋಯಿತು. ಕೈಯಳತೆಯಲ್ಲೇ, ಮನೆಯ ಹಜಾರದ ಮಂಚದ ಮೇಲೆ, ಅಕ್ಕನ ದೇಹವಿತ್ತು. ತಲೆಗೆ ಸುತ್ತಿದ ಬ್ಯಾಂಡೇಜು ಹುಬ್ಬಿನವರೆಗೆ ಇಳಿದಿತ್ತು. ಅದರ ಕೆಳಗೆ ಮುಖದ ಒಂದು ಪಕ್ಕ ನೀಲಿಗಟ್ಟಿತ್ತು.

"ಮಾವ, ಬಿಡು," ಎಂದಳು ಮಗಳು. ಅಳುವುದಕ್ಕೆ ಇನ್ನೂ ಪುರುಸೊತ್ತು ಸಿಕ್ಕದ ಗಂಟಲು ಅವಳದು. "ಅಮ್ಮ ಇಲ್ಲೇ ಇದ್ದಾಳೆ. ಬಿಡು."

ತಮ್ಮ ಬಿಟ್ಟ. ನಿರ್ದೇಶಕರು ಕೆಮ್ಮುತ್ತಾ ಗೋಡೆಗೊರಗಿ ನಿಂತರು. ಮೂಲೆಯಲ್ಲಿ ಕುಳಿತಿದ್ದ ಅಕ್ಕನ ಗಂಡ ತಲೆ ಎತ್ತಲಿಲ್ಲ. ಲಾರಿಗಳ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ವೆಲ್ಡರ್ ಆಗಿದ್ದ ಅವನು ಯಾರ ಮೇಲೂ ಕೈ ಎತ್ತಿದ್ದನ್ನು ಆ ಬೀದಿ ಕಂಡಿರಲಿಲ್ಲ.

ಊರಿನ ಖಾಸಗಿ ಆಸ್ಪತ್ರೆಯಲ್ಲಿ ಆಕೆ ಆಡಳಿತ ವ್ಯವಸ್ಥಾಪಕಿ. ಅದಕ್ಕೂ ಮೊದಲು ಬಹುಕಾಲ ಅಲ್ಲೇ ನರ್ಸು. ಮ್ಯಾನೇಜರ್ ಆದಮೇಲೂ ಎಲ್ಲರ ಬಾಯಲ್ಲಿ ಸಿಸ್ಟರಮ್ಮನೇ. ಹೋದ ವಾರ ತುರ್ತು ವಿಭಾಗದ ಪಡಸಾಲೆಯಲ್ಲಿ, ಬೈಕ್ ಅಪಘಾತದಲ್ಲಿ ಸತ್ತ ಹುಡುಗನೊಬ್ಬನ ಅಣ್ಣ ಆಕೆಯ ತಲೆ ಒಡೆದ. ಪ್ರಜ್ಞೆ ಮರಳಲೇ ಇಲ್ಲ. ನಿನ್ನೆ ಉಸಿರು ನಿಂತಿತು.

"ಹೊರಗೆ ಬರಬಾರದಿತ್ತಂತೆ," ಎಂದಳು ಮನೆಯ ಮೆಟ್ಟಿಲ ಮೇಲಿದ್ದ ಆಸ್ಪತ್ರೆಯ ಹಳೆಯ ಆಯಾ, ಪಕ್ಕದ ನರ್ಸಿಗೆ. "ಒಳಗೇ ಕೂತ್ಕೊಳ್ಳೋಳಾಗಿದ್ರೆ ಅಷ್ಟು ಕಷ್ಟಪಟ್ಟು ಯಾಕೆ ಓದ್ತಿದ್ಲು?"

*

ಓದುವ ಹಟ ಹುಟ್ಟಿದ್ದು ಒಂದು ಏಟಿನಿಂದ.

ಆಗ ಆಕೆಗೆ ನಲವತ್ತು ದಾಟಿತ್ತು. ನೀರಿನ ತೊಟ್ಟಿಗೆ ಬಿದ್ದ ಮಗುವೊಂದನ್ನು ಅಪ್ಪ ಹೆಗಲ ಮೇಲೆ ಹಾಕಿಕೊಂಡು ಓಡಿಬಂದಿದ್ದ. ಜೀವ ಆಗಲೇ ಹೋಗಿತ್ತು. ಡಾಕ್ಟರು ಕೈಗವಸು ಕಳಚುತ್ತಾ, ನಡೆಯುತ್ತಲೇ, "ಆಗೋಯ್ತು ರೀ, ತುಂಬಾ ತಡವಾಗಿ ತಂದ್ರಿ," ಎಂದು ದಾಟಿಹೋದರು. ಅಪ್ಪ ಮಗುವನ್ನು ಮಂಚದ ಮೇಲೆ ಮಲಗಿಸಿದ. ಆಮೇಲೆ ಡ್ರಿಪ್ ಸ್ಟ್ಯಾಂಡ್ ಎತ್ತಿಕೊಂಡ. ಔಷಧಿಯ ಗಾಜಿನ ಬೀರು ಪುಡಿಯಾಯಿತು. ಆಯಾಳ ಕಿವಿ ಹರಿಯಿತು. ತಡೆಯಲು ಹೋದ ಸಿಸ್ಟರಮ್ಮನ ಪಕ್ಕೆಗೆ ಬಿದ್ದ ಒದೆತಕ್ಕೆ ಎಲುಬು ಮುರಿಯಿತು. ಒಡೆಯಲು ಏನೂ ಉಳಿಯದಾದಾಗ ಅವನು ತನ್ನ ಕೈಗಳನ್ನೇ ದಿಟ್ಟಿಸಿ ನೋಡಿ, ಗಾಜಿನ ಚೂರುಗಳ ಮೇಲೆ ಕುಸಿದು ಕುಳಿತ.

"ಕೂರಬೇಕು ಅಂತಲೇ ಇದ್ದ ಪಾಪ," ಎಂದಳು ಆಕೆ ಮನೆಯಲ್ಲಿ ಮಲಗಿಕೊಂಡು, ಗಂಡನಿಗೆ. "ಕೂರಿಸೋರು ಯಾರೂ ಇರ್ಲಿಲ್ಲ."

"ನಿನ್ನ ಎಲುಬು ಮುರಿದವನಿಗೆ ಪಾಪ ಅಂತೀಯಲ್ಲೇ."

"ಮುಖಕ್ಕೆ ಉಗಿಬೇಕು ಅನ್ಸುತ್ತೆ. ಪಾಪಾನೂ ಅನ್ಸುತ್ತೆ. ಎರಡೂ ಒಟ್ಟಿಗೇ ಅನ್ಸುತ್ತೆ ಕಣ್ರಿ, ಏನ್ಮಾಡ್ಲಿ?"

ಮತ್ತೆ ಹೀಗಾಗದಿರಲೆಂದು ಆಸ್ಪತ್ರೆಯವರು ಕಬ್ಬಿಣದ ಗ್ರಿಲ್ ಹಾಕಿಸಿದರು. ಎಲುಬು ಕೂಡಿಕೊಂಡ ಮೇಲೆ ಆಕೆ ಆಸ್ಪತ್ರೆ ಆಡಳಿತದ ಸಂಜೆ ಕೋರ್ಸಿಗೆ ಸೇರಿದಳು. ಗ್ರಿಲ್ ಹಾಕಿ ಎಂದು ಹೇಳುವ ಕುರ್ಚಿಯಲ್ಲಿ ಒಮ್ಮೆ ತಾನು ಕೂತು ನೋಡಬೇಕು ಎಂದಳು. ಊಟದ ಮೇಜಿನ ಒಂದು ಬದಿ ಮಗಳ ಕಾಲೇಜು ಪುಸ್ತಕ, ಇನ್ನೊಂದು ಬದಿ ಅಮ್ಮನದು. "ಮನೆಗೆ ಇಬ್ರು ವಿದ್ಯಾರ್ಥಿನಿಯರು, ಒಬ್ಬನೇ ಅಡುಗೆಭಟ್ಟ," ಎಂದು ಗಂಡ ಗೊಣಗುತ್ತಾ ಸೌಟು ಆಡಿಸುತ್ತಿದ್ದ. ಸಂಖ್ಯಾಶಾಸ್ತ್ರದಲ್ಲಿ ಆಕೆ ಮೊದಲ ಸಲ ಡುಮ್ಕಿ ಹೊಡೆದಾಗ ಮಗಳು ನಕ್ಕಳು; ಆಕೆ ಪುಸ್ತಕವನ್ನು ಗೋಡೆಗೆ ಬೀಸಿ ಎಸೆದು, ಎದ್ದುಹೋಗಿ ತಾನೇ ಎತ್ತಿಕೊಂಡು ಬಂದಳು.

ಒಂದು ದಿನ ತರಗತಿಯಲ್ಲಿ ಮೇಷ್ಟ್ರು ಕೇಳಿದರು: "ರೋಗಿ ತೀರಿಕೊಂಡ. ಆಡಳಿತದವರು ಮೊದಲು ಏನು ಮಾಡಬೇಕು?"

ಮರಣ ಪ್ರಮಾಣಪತ್ರ ಬರೆಯಬೇಕು ಎಂದನೊಬ್ಬ. ಹಾಸಿಗೆ ಖಾಲಿ ಮಾಡಿಸಬೇಕು ಎಂದಳೊಬ್ಬಳು.

"ಮನೆಯವರನ್ನ ಕೂರಿಸಬೇಕು," ಎಂದಳು ಸಿಸ್ಟರಮ್ಮ. "ನಿಂತುಕೊಂಡು ಕೇಳಿದ್ರೆ ಕೈಗೆ ಸಿಕ್ಕಿದ್ದು ಎತ್ತಿಕೊಳ್ತಾರೆ."

ಮೇಷ್ಟ್ರು ತಲೆಯಾಡಿಸಿದರು. "ಸರಿ. ಆದ್ರೆ ಅದು ನರ್ಸಿನ ಉತ್ತರ, ನನಗೆ ಮ್ಯಾನೇಜರ್ ಉತ್ತರ ಬೇಕು. ಎಲ್ಲಿ ಕೂರಿಸ್ತೀರಿ? ಆ ಕೋಣೆ ಯಾರ ಕೈಯಿಂದ ಕಿತ್ಕೋತೀರಿ? ಅವರ ಜೊತೆ ಯಾರು ಇರ್ತಾರೆ, ಆ ಹೊತ್ತಲ್ಲಿ ಅವರ ಕೆಲಸ ಯಾರು ಮಾಡ್ತಾರೆ? ನೀವೊಬ್ರು ರಜೆ ಹಾಕಿದ ದಿನವೂ ಅದು ನಡೀಬೇಕು. ಅದು ಹೇಗೆ ಅಂತ ಹೇಳಿ."

ಆಕೆ ಆ ಪ್ರಶ್ನೆಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮನೆಗೆ ಬಂದು ಊಟವನ್ನೂ ಮಾಡದೆ ಕುಳಿತಿದ್ದಳು. "ಒಳ್ಳೆ ಮನಸ್ಸಿದ್ರೆ ಸಾಕು ಅಂದ್ಕೊಂಡಿದ್ದೆ," ಎಂದಳು ಮಗಳಿಗೆ. "ಸಾಲದು ಕಣೇ. ಒಳ್ಳೆತನಕ್ಕೂ ಒಂದು ಕೋಣೆ ಬೇಕು, ಪಾಳಿ ಬೇಕು, ಬದಲಿ ಜನ ಬೇಕು. ಅದನ್ನ ಕಲೀಬೇಕು."

ಕಲಿತಳು. ಪಾಸಾದಳು. ಕುರ್ಚಿ ಸಿಕ್ಕಿತು. ತುರ್ತು ವಿಭಾಗದ ಪಕ್ಕ ಒಂದು ಸಣ್ಣ ಕೋಣೆಯನ್ನು ಕಾಡಿ ಬೇಡಿ ಪಡೆದಳು. ಮೆತ್ತನೆಯ ಕುರ್ಚಿ, ಕುಡಿಯುವ ನೀರು, ಪ್ರತಿ ಪಾಳಿಗೂ ಮಾತಾಡಲು ತರಬೇತಾದ ಒಬ್ಬರು. ಸಾವಿನ ಸುದ್ದಿ ಅಲ್ಲೇ, ಕೂರಿಸಿಯೇ ಹೇಳಬೇಕು. ಕೆಲವು ವರ್ಷ ಆ ಪಡಸಾಲೆಯಲ್ಲಿ ಜನ ಗೋಳಾಡಿದರು, ತಲೆ ಚಚ್ಚಿಕೊಂಡರು. ಯಾರೂ ಯಾರನ್ನೂ ಹೊಡೆಯಲಿಲ್ಲ.

ಹೋದ ತಿಂಗಳು ಆ ಕೋಣೆ ರಕ್ತಪರೀಕ್ಷೆಯ ಕೌಂಟರ್ ಆಯಿತು. ಸಭೆಯಲ್ಲಿ ಆಕೆ ಮೇಜು ಗುದ್ದಿ ಜಗಳವಾಡಿದಳು, ಸೋತಳು. "ಯಾವತ್ತೋ ಒಂದಿನ ಆಗೋದಕ್ಕೆ ದಿನಾ ಒಂದು ಕೋಣೆ ಖಾಲಿ ಇಡೋಕಾಗುತ್ತಾ?" ಎಂದಿದ್ದರು ನಿರ್ದೇಶಕರು.

*

ದೇಹ ಒಯ್ಯುವ ವ್ಯಾನು ಬೀದಿಗೆ ಬಂದು ನಿಂತಾಗ ಜನ ಒತ್ತೊತ್ತಾಗಿ ಸೇರಿದ್ದರು. ಆ ಗುಂಪನ್ನು ಬಗೆದುಕೊಂಡು, ಕೂದಲು ಕೆದರಿದ ಹೆಂಗಸೊಬ್ಬಳು ಒಳಗೆ ಬಂದಳು. ಆಯಾ ಅವಳನ್ನು ಗುರುತಿಸಿ ಕಿರುಚಿದಳು.

"ಇವಳೇ! ಇವಳ ಮಗನೇ ಹೊಡೆದಿದ್ದು!"

ಹೆಂಗಸು ಮಂಚದ ಬಳಿ ನಿಂತಳು. "ಹೌದು. ನನ್ನ ಚಿಕ್ಕ ಮಗ ಸತ್ತ. ದೊಡ್ಡವನು ಈ ಅಮ್ಮನ್ನ ಕೊಂದ. ಅವನು ಜೈಲಲ್ಲಿದಾನೆ. ನನಗೆ ಹೋಗೋಕೆ ಬೇರೆ ಜಾಗ ಇರ್ಲಿಲ್ಲ, ಬಂದೆ."

"ಆಚೆ ನಡಿ!" ತಮ್ಮ ಮುನ್ನುಗ್ಗಿದ. ಮಗಳು ಅಡ್ಡ ನಿಂತಳು.

"ತಾಳು ಮಾವ. ಅಲ್ಲಿ ಏನಾಯ್ತು ಅಂತ ನಮಗಿನ್ನೂ ಯಾರೂ ಸರಿಯಾಗಿ ಹೇಳಿಲ್ಲ. ಹೇಳಮ್ಮ."

ಹೆಂಗಸು ಒಂದೇ ಸಮನೆ ಹೇಳಿದಳು. "ಚಿಕ್ಕ ಡಾಕ್ಟ್ರು ಪಡಸಾಲೇಲಿ ನಿಂತು 'ಉಳಿಲಿಲ್ಲ' ಅಂದ್ರು. ನಾನು ನೆಲಕ್ಕೆ ಬಿದ್ದೆ. ದೊಡ್ಡವನು ಡಾಕ್ಟ್ರ ಕುತ್ತಿಗೆ ಹಿಡಿದ, ಮುಖ ಮೂತಿ ನೋಡದೆ ಚಚ್ಚಿದ. ಈ ಅಮ್ಮ ಎಲ್ಲಿಂದ ಬಂದ್ರೋ, ಬಿಡಿಸಿ, ಡಾಕ್ಟ್ರನ್ನ ಒಂದು ಕೋಣೆಗೆ ನೂಕಿ ಹೊರಗಿಂದ ಬೀಗ ಹಾಕಿಬಿಟ್ರು. ತಾವು ಹೊರಗೇ ಉಳಿದ್ರು. ಒಂದು ಕುರ್ಚಿ ಎಳೆದು ನನ್ನ ಎತ್ತಿ ಕೂರಿಸಿದ್ರು. ಮುಂದೆ ಮಂಡಿಯೂರಿ ಎರಡೂ ಕೈ ಹಿಡ್ಕೊಂಡ್ರು. 'ಅಮ್ಮ, ನಿಮ್ಮ ಮಗ ತೀರ್ಕೊಂಡಿದಾನೆ. ನಾನೇ ಕರ್ಕೊಂಡು ಹೋಗಿ ತೋರಿಸ್ತೀನಿ. ಏನಮ್ಮ ಅವನ ಹೆಸರು?' ಅಂದ್ರು."

ಅವಳು ಮಂಚದ ಅಂಚು ಹಿಡಿದುಕೊಂಡಳು.

"ದೊಡ್ಡವನಿಗೆ ತಲೆ ಕೆಟ್ಟಿತ್ತು. ಗೋಡೇಲಿದ್ದ ಬೆಂಕಿ ಆರಿಸೋ ಸಿಲಿಂಡರ್ ಕಿತ್ಕೊಂಡ. ಬೀಗದ ಕೈ ಕೊಡು, ಕೊಡು ಅಂತ ಕೂಗಿದ. ಅವರು ಹಿಂದೆ ತಿರುಗಿ ನೋಡ್ಲೇ ಇಲ್ಲ, ನನ್ನ ಮುಖಾನೇ ನೋಡ್ತಿದ್ರು. ನಾನು ಹೆಸರು ಹೇಳ್ತಿದ್ದೆ. ಹೇಳಿ ಮುಗಿಸೋಕೆ ಬಿಡ್ಲಿಲ್ಲ ಅವನು. ನನ್ನ ಮಡಿಲಿಗೇ ಬಿದ್ರು."

"ನಿಜ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ. ಮೂಗಿಗೆ ಪಟ್ಟಿ ಹಾಕಿಕೊಂಡ ಯುವ ಡಾಕ್ಟರ್ ನಿಂತಿದ್ದ. "ಒಳಗಿಂದ ಬಾಗಿಲು ಬಡಿದೆ. ತೆಗೀರಿ ಅಂತ ಕೂಗಿದೆ. ಬೀಗದ ಕೈ ಅವರ ಮುಷ್ಟೀಲಿತ್ತು." ಅವನು ನಿರ್ದೇಶಕರ ಕಡೆ ತಿರುಗಿದ. "ಕೂರಿಸೋಕೆ ಕೋಣೆ ಇರ್ಲಿಲ್ಲ ಸಾರ್. ಅದಕ್ಕೇ ನಿಂತಲ್ಲೇ ಹೇಳ್ದೆ. ನಿಯಮ ಅಂದ್ರಲ್ಲ, ಇದನ್ನೂ ಹೇಳಿ."

ನಿರ್ದೇಶಕರು ಕಿತ್ತ ಕಾಲರನ್ನು ಕೈಯಿಂದ ಮುಚ್ಚಿಕೊಂಡು ಬಾಗಿಲತ್ತ ಸರಿದರು. ಯಾರೂ ದಾರಿ ಬಿಡಲಿಲ್ಲ. ಭುಜಗಳಿಗೆ ಭುಜ ತಾಗಿಸುತ್ತಾ, ಮೊಣಕೈ ತಿವಿತಗಳನ್ನು ತಿನ್ನುತ್ತಾ ಅವರು ಹೊರಬಿದ್ದರು.

ಅವರು ತಪ್ಪಿಸಿಕೊಂಡದ್ದರಿಂದ ತಮ್ಮನ ಸಿಟ್ಟಿಗೆ ಗುರಿ ತಪ್ಪಿದಂತಾಯಿತು. ಅವನು ತಿರುಗಿದವನೇ ಹೆಂಗಸಿನ ಬಾಯಿಗೆ ಬಿಗಿಮುಷ್ಟಿಯಲ್ಲಿ ಹೊಡೆದ. ಅವಳು ಮಂಚದ ಕಾಲಿಗೆ ಬಡಿದುಕೊಂಡು ಬಿದ್ದಳು. ತುಟಿ ಸೀಳಿತು. ಅವಳು ಕೈ ಅಡ್ಡ ಹಿಡಿಯಲಿಲ್ಲ. ಇನ್ನೊಂದು ಏಟಿಗೆ ಮುಖ ಎತ್ತಿಕೊಂಡೇ ಇದ್ದಳು. ಬಾಗಿಲ ಬಳಿಯ ಗುಂಪಿನಿಂದ "ಹಾಕು, ಬಿಡಬೇಡ!" ಎಂದು ಯಾರೋ ಹುಯ್ಯಲಿಟ್ಟರು. ತಮ್ಮ ಮತ್ತೆ ಕೈ ಎತ್ತಿದ.

ಮೂಲೆಯಿಂದ ಗಂಡ ಎದ್ದದ್ದನ್ನು ಯಾರೂ ನೋಡಿರಲಿಲ್ಲ. ಕಬ್ಬಿಣ ಬೆಸೆದು ಗಟ್ಟಿಯಾದ ಆ ಕೈ ತಮ್ಮನ ಕೆನ್ನೆಗೆ ಬಿದ್ದ ಸದ್ದಿಗೆ ಬೀದಿಯೇ ಸುಮ್ಮನಾಯಿತು. ತಮ್ಮ ಗೋಡೆ ಹಿಡಿದು ನಿಂತ.

"ಭಾವ..."

"ಸಾಕು," ಎಂದ ಗಂಡ. ಬೆಳಗಿನಿಂದ ಅವನಾಡಿದ ಮೊದಲ ಮಾತು ಅದು. "ಅವಳು ಕೂರಿಸಿದ ಹೆಂಗಸನ್ನ ನೀನು ಕೆಡವ್ತೀಯಾ?" ಹೊಡೆದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನು ಗೊಳೋ ಎಂದು ಅತ್ತ.

ದೇಹ ಎತ್ತುವ ಹೊತ್ತಾಗಿತ್ತು. ಹೊರಗೆ ಗುಂಪು ಕಾಯುತ್ತಿತ್ತು. ಒಬ್ಬನ ಕೈಯಲ್ಲಿ ಆಗಲೇ ಕಲ್ಲಿತ್ತು. ಮಗಳು ಅದನ್ನು ನೋಡಿದಳು, ನೆಲದ ಮೇಲಿದ್ದ ಹೆಂಗಸನ್ನು ನೋಡಿದಳು.

"ಅಪ್ಪ, ಇವರನ್ನ ಇಲ್ಲಿ ಬಿಟ್ಟು ಹೋದ್ರೆ ಜನ ಉಳಿಸಲ್ಲ."

"ವ್ಯಾನು ಹತ್ಲಿ," ಎಂದ ಗಂಡ ಕಣ್ಣೊರೆಸಿಕೊಂಡು.

ಸ್ಟ್ರೆಚರಿನ ಹಿಂದೆಯೇ ಹೆಂಗಸನ್ನು ಆಯಾ ಮತ್ತು ಮಗಳು ನಡುವೆ ಹಿಡಿದುಕೊಂಡು ಹತ್ತಿಸಿದರು. ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಕಲ್ಲು ತಗಡಿಗೆ ಬಡಿದು ಸಿಡಿಯಿತು. ಗಂಡ ಮುಂದೆ ಚಾಲಕನ ಪಕ್ಕ ಕುಳಿತ. ಹಿಂದೆ ಸ್ಟ್ರೆಚರಿನ ಒಂದು ಬದಿಯ ಬೆಂಚಿನಲ್ಲಿ ತಮ್ಮ, ಎದುರು ಬದಿಯಲ್ಲಿ ಹೆಂಗಸು, ಅವಳ ಪಕ್ಕ ಮಗಳು.

ಬೀದಿಯ ತಿರುವಿನಲ್ಲಿ ವ್ಯಾನು ಜೋರಾಗಿ ವಾಲಿತು. ಸ್ಟ್ರೆಚರು ಜಾರಿ ದೇಹ ಅಂಚಿಗೆ ಬಂತು. ತಮ್ಮ ಬಾಗಿ ಅಕ್ಕನ ಭುಜ ಒತ್ತಿಹಿಡಿದ. ಅದೇ ಕ್ಷಣ ಎದುರಿನಿಂದ ಹೆಂಗಸಿನ ಕೈಗಳೂ ಬಂದು ಆಕೆಯ ತಲೆಯನ್ನು, ಬ್ಯಾಂಡೇಜಿನ ಎರಡೂ ಬದಿಯಲ್ಲಿ, ಅಲುಗದಂತೆ ಹಿಡಿದವು. ಅವಳ ಸೀಳಿದ ತುಟಿಯಿಂದ ರಕ್ತ ತೊಟ್ಟು ತೊಟ್ಟಾಗಿ ಬಿಳಿ ಹೊದಿಕೆಯ ಮೇಲೆ ಬೀಳುತ್ತಿತ್ತು. ಮುಂದೆ ರಸ್ತೆಯುದ್ದಕ್ಕೂ ಹಳ್ಳಗಳಿದ್ದವು. ತಮ್ಮ ಹೊಡೆದು ಊದಿದ ತನ್ನ ಕೈಯನ್ನು ತೆಗೆಯಲಿಲ್ಲ. ಅವಳಿಗೂ ತೆಗೆ ಎನ್ನಲಿಲ್ಲ.